ಎರಡು ಕ್ಯಾನ್ ನೀರು

೬ ಜನವರಿ

ಪ್ರೀತಿಯ ಕಪ್ಪೆಗೆ,

ಹೆದರಬೇಡ, ಈ ಹೆಸರನ್ನು ಲಕೋಟೆಯ ಮೇಲೆ ಬರೆದಿಲ್ಲ. ಅಲ್ಲಿ ನಿನ್ನ ಕೈದಿ ನಂಬರನ್ನೇ ಬರೆದಿದ್ದೇನೆ. ಮೂರು ಹೊತ್ತೂ ತೊಟ್ಟಿಯ ನೀರಿನಲ್ಲಿ ಬಿದ್ದಿರುತ್ತಿದ್ದ ಹುಡುಗನಿಗೆ ಅಪ್ಪ ಇಟ್ಟ ಹೆಸರು ಒಳಗಿನ ಕಾಗದದಲ್ಲಾದರೂ ಇರಲಿ.

ಭೇಟಿಗೆ ಬರಬೇಕೆಂದರೆ ಎರಡು ರೈಲು ಬದಲಿಸಬೇಕು, ಅಂಗಡಿಯಲ್ಲಿ ರಜ ಸಿಗುವುದಿಲ್ಲ. ಕೌಂಟರಿನಲ್ಲಿದ್ದ ನನ್ನನ್ನು ಈಗ ಒಳಗೆ, ಕನ್ನಡಕದ ಗಾಜು ಉಜ್ಜುವ ಮೆಷಿನ್ನಿನ ಮುಂದೆ ಕೂರಿಸಿದ್ದಾರೆ. "ಬೇಜಾರು ಮಾಡ್ಕೋಬೇಡಮ್ಮ, ಗಿರಾಕಿಗಳು ನಿನ್ನ ಮುಖ ನೋಡಿದ್ರೆ ಕಣ್ಣಿನ ನಂಬರು ಬಿಟ್ಟು ನಿನ್ನ ತಮ್ಮನ ಕಥೆ ಕೇಳ್ತಾರೆ" ಎಂದರು ಯಜಮಾನರು. ನನಗೇನೂ ಬೇಜಾರಿಲ್ಲ. ಗಾಜು ಪ್ರಶ್ನೆ ಕೇಳುವುದಿಲ್ಲ.

ವಕೀಲರನ್ನು ಕಂಡೆ. ಮರುವಿಚಾರಣೆಗೆ ಅರ್ಜಿ ಹಾಕಿದ್ದಾರೆ. "ಬೋರ್‌ವೆಲ್ ನೀರು ಅಂತ ಹೇಳಿ ಹಳೇ ಕ್ವಾರಿ ಹೊಂಡದಿಂದ ಮಾಲೀಕರ ಲಾರಿ ತುಂಬಿ ಬೀದೀಲಿ ಮಾರಿದ್ದು ಸಾಬೀತಾಗಿದೆ, ಅದನ್ನ ಅಳಿಸೋಕಾಗಲ್ಲ. ಆ ಹೊಂಡಕ್ಕೆ ಲೋಹಕ್ಕೆ ಲೇಪ ಹಾಕೋ ಪ್ಲೇಟಿಂಗ್ ಕಾರ್ಖಾನೆಯೋರು ವಿಷದ ಕೊಳಕು ಬಿಡ್ತಿದ್ದಿದ್ದು ಅವನಿಗೆ ಗೊತ್ತಿತ್ತಾ ಇಲ್ವಾ, ಇನ್ನು ಉಳಿದಿರೋದು ಅಷ್ಟೆ. ಗೊತ್ತಿರಲಿಲ್ಲ ಅಂತ ತೋರಿಸಿದ್ರೆ ಶಿಕ್ಷೆ ಅರ್ಧಕ್ಕಿಳಿಯುತ್ತೆ" ಎಂದರು. ನಾನು ಹೇಳಿದೆ: ಗೊತ್ತಿದ್ದವನು ತನ್ನ ಬೀದಿಗೇ ಆ ನೀರು ತರುತ್ತಾನೆಯೇ? ಇಸ್ತ್ರಿಯವರ ಮಗಳು ಶಾಲೆ ಬಿಟ್ಟ ಮೇಲೆ ನಮ್ಮ ಮನೆಯಲ್ಲೇ ಇರುತ್ತಿದ್ದಳು, ಮೀನುಗಳಿಗೆ ಹಾಡು ಹೇಳುತ್ತಿದ್ದಳು. ಆ ಮಗುವಿಗೆ ವಿಷ ಕುಡಿಸುವಷ್ಟು ಕಲ್ಲಲ್ಲ ನನ್ನ ತಮ್ಮ.

ಮೀನುಗಳು ಚೆನ್ನಾಗಿವೆ. ನಮ್ಮ ಕೆಂಪು ಮುದುಕ ಒಕ್ಕಣ್ಣಿನಲ್ಲೇ ನನ್ನನ್ನು ಗುರಾಯಿಸುತ್ತಾನೆ. ಕರಿ ವಕೀಲರಿಬ್ಬರೂ ಕಣ್ಣು ಉಬ್ಬಿಸಿಕೊಂಡು, ಬಾಯಿ ಮುಚ್ಚದೆ, ಫೀಸು ಕೇಳುವವರ ಹಾಗೆ ಓಡಾಡುತ್ತಾರೆ. ಜವಾನ ಮಾತ್ರ ಗಾಜಿಗೆ ಕಚ್ಚಿಕೊಂಡು, ಯಾರೂ ನೋಡದಾಗ ಪಾಚಿ ಕೆರೆಯುತ್ತಾನೆ. ಆದರೆ ನೀರು ಹಳದಿಯಾಗಿದೆ. ಬದಲಿಸುವುದು ಹೇಗೆಂದು ನೀನು ಹೇಳಿಕೊಟ್ಟಿಲ್ಲ. ನೀನು ವಾರವಾರ ತರುತ್ತಿದ್ದ ಎರಡು ಕ್ಯಾನ್‌ಗಳು ಖಾಲಿಯಾಗಿ ಮೂಲೆಯಲ್ಲಿವೆ. ನಲ್ಲಿಯಲ್ಲಿ ಬರುವುದು ತುಕ್ಕು ನೀರು. ಏನು ಮಾಡಲಿ, ಬರೆ.

ಮೀನಿನ ತೊಟ್ಟಿಯ ಹೊರಗಾಜಿನ ಮೇಲೆ ಮೂಗಿನ ಗುರುತೊಂದಿದೆ, ಮಗುವಿನ ಎತ್ತರಕ್ಕೆ. ಒರೆಸಲು ಕೈ ಬರಲಿಲ್ಲ.

ನಿನ್ನ ಅಕ್ಕ


೧೯ ಜನವರಿ

ಅಕ್ಕಾ,

ನಿನ್ನ ಕಾಗದ ಬಂತು. ಇಲ್ಲಿನ ಸಾಹೇಬರು ಎಲ್ಲವನ್ನೂ ಓದಿ ಮುದ್ರೆ ಹೊಡೆದೇ ಕೊಡುವುದು. ಕಾಗದ ಕೊಡುವಾಗ "ಏನಯ್ಯಾ ಕಪ್ಪೆ" ಎಂದರು. ಈಗ ಇಡೀ ಬ್ಯಾರಕ್ಕಿಗೆ ನಾನು ಕಪ್ಪೆ. ಅಪ್ಪನ ಆತ್ಮಕ್ಕೆ ಶಾಂತಿ ಸಿಕ್ಕಿರಬೇಕು.

ನೀರಿನ ವಿಷಯ. ಗಮನವಿಟ್ಟು ಓದು. ನಲ್ಲಿ ಬಿಟ್ಟ ಕೂಡಲೆ ಹಿಡಿಯಬೇಡ, ಕೆಂಪಗಿನದು ಹರಿದುಹೋಗಲಿ. ಆಮೇಲಿನದನ್ನು ಹಳೆಯ ಬನಿಯನ್ ಬಟ್ಟೆಯಲ್ಲಿ ಸೋಸಿ ಬಕೆಟ್ಟಿಗೆ ಹಿಡಿ, ಗಾಳಿ ಬಿಡುವ ಪೈಪನ್ನು ಅದರೊಳಗೆ ಇಳಿಬಿಟ್ಟು ಮಾರನೆಯ ದಿನದವರೆಗೆ ಇಡು. ಬ್ಲೀಚಿಂಗ್ ಪೌಡರಿನ ವಾಸನೆ ಸ್ವಲ್ಪವೂ ಇರಬಾರದು. ತೊಟ್ಟಿಯ ಕೆಳಗಿನ ಡ್ರಾಯರಿನಲ್ಲಿ ನೀಲಿ ಬಾಟಲಿಯಿದೆ, ಕ್ಲೋರಿನ್ ಕೊಲ್ಲುವ ಔಷಧಿ, ಅದರಲ್ಲಿ ಕೆಲವು ಹನಿ ಹಾಕು. ಮೊಣಕೈ ಅದ್ದಿ ನೋಡು, ಎರಡು ನೀರೂ ಒಂದೇ ಹದಕ್ಕಿರಬೇಕು. ರಬ್ಬರ್ ಪೈಪಿನಿಂದ ತಳದ ಕೊಳೆ ಎಳೆದು ಕಾಲು ಭಾಗ ಮಾತ್ರ ತೆಗೆ, ಕಾಲು ಭಾಗ ಮಾತ್ರ ಹಾಕು. ಫಿಲ್ಟರಿನ ಸ್ಪಂಜನ್ನು ತೆಗೆದ ಹಳೇ ನೀರಿನಲ್ಲೇ ಹಿಂಡು, ನಲ್ಲಿಯ ಕೆಳಗೆ ಹಿಡಿಯಬೇಡ. ಮೀನಿಗೆ ಹೊಸ ನೀರೆಂದರೆ ಹೊಸ ಊರು. ಗಂಟುಮೂಟೆ ಸಮೇತ ಒಂದೇ ದಿನ ಸಾಗಹಾಕಿದರೆ ಬದುಕುವುದಿಲ್ಲ.

ನಲ್ಲಿ ನೀರು ಕೆಟ್ಟದ್ದೇ. ಆದರೆ ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ. ಅಂಥದ್ದನ್ನು ಸರಿಮಾಡಬಹುದು.

ಹೊರಗಾಜನ್ನು ಹಳೇ ಪೇಪರಿನಿಂದ ಒರೆಸಿಬಿಡು. ಗುರುತುಗಳು ತುಂಬಾ ದಿನ ಉಳಿದರೆ ಹೋಗುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಎರಡು ಬನಿಯನ್, ಒಂದು ಸೋಪು ಕಳಿಸಲು ಸಾಧ್ಯವೇ?

ತಮ್ಮ


೨ ಫೆಬ್ರವರಿ

ಪ್ರೀತಿಯ ಕಪ್ಪೆಗೆ,

ಬನಿಯನ್, ಸೋಪು ಬೇರೆ ಕಳಿಸಿದ್ದೇನೆ. ಸೋಪನ್ನು ಕತ್ತರಿಸಿ ನೋಡುತ್ತಾರಂತೆ, ಆದ್ದರಿಂದ ನಾನೇ ಕತ್ತರಿಸಿ ಕಳಿಸಿದೆ.

ನೀನು ಹೇಳಿದಂತೆಯೇ ಮಾಡಿದೆ. ಪೈಪಿನಲ್ಲಿ ನೀರೆಳೆಯುವಾಗ ಒಂದು ಗುಟುಕು ಬಾಯಿಗೆ ಬಂತು. ಇಷ್ಟು ವರ್ಷ ನೀನು ಇದನ್ನು ಮಾಡಿಯೂ ನಗುನಗುತ್ತಾ ಊಟಕ್ಕೆ ಕೂರುತ್ತಿದ್ದೆಯಲ್ಲ! ನೀರು ತಿಳಿಯಾಯಿತು, ಮುದುಕ ಬಾಲ ಬೀಸಿದ. ಮುಂದಿನ ಸಲಕ್ಕೆ ಮಾತ್ರ ಕಷ್ಟ. ಬೀದಿ ಅಗೆದು ಪೈಪು ಬದಲಿಸುತ್ತಿದ್ದಾರೆ, ನಲ್ಲಿಯಲ್ಲಿ ಕೆಸರು ಬರುತ್ತಿದೆ, ಅದರ ಮೇಲೆ ಮೂಗು ಉರಿಯುವಷ್ಟು ಬ್ಲೀಚಿಂಗ್. ಎಷ್ಟು ಸೋಸಿದರೂ ಬಟ್ಟೆಯೇ ಕೆಂಪಾಗುತ್ತದೆ. ನೀಲಿ ಬಾಟಲಿ ಮುಗಿದಿದೆ. ಕರಿ ವಕೀಲರಲ್ಲಿ ಒಬ್ಬ ಮೇಲೆ ಬಂದು ಬಂದು ಗಾಳಿ ಕುಡಿಯುತ್ತಿದ್ದಾನೆ.

ನಿಜವಾದ ವಕೀಲರು ಮನೆಗೆ ಬಂದಿದ್ದರು. ಕರಿ ಮೀನುಗಳ ಹೆಸರು ಅವರ ಮುಂದೆ ಹೇಳಲಿಲ್ಲ, ನಗು ತಡೆಯಲು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದೆ.

"ಲಾರಿ ನೀರು ನೀವೂ ಬಳಸ್ತಿದ್ರಾ?"

"ತಾರಸಿ ಡ್ರಮ್ಮಿಗೆ ಬಿಡ್ತಿದ್ದ. ಬಟ್ಟೆಗೆ, ನೆಲ ಒರೆಸೋಕೆ."

"ಕುಡಿಯೋಕೆ?"

"ನಲ್ಲಿ ನೀರು ಕುದಿಸಿ ಕುಡೀತಿದ್ವಿ."

ಅವರ ಮುಖ ಚಿಕ್ಕದಾಯಿತು. ಆಮೇಲೆ ತೊಟ್ಟಿಯ ಕಡೆ ತಿರುಗಿದರು. "ಇದಕ್ಕೆ ನೀರು ಎಲ್ಲಿಂದ?"

"ಅವನೇ ಕ್ಯಾನಲ್ಲಿ ತಂದು ಹಾಕ್ತಿದ್ದ."

"ಅಂದ್ರೆ ಲಾರಿಯಿಂದ!" ಎಂದು ತೊಡೆ ತಟ್ಟಿಕೊಂಡರು. "ಅಮ್ಮಾ, ನಿಮ್ಮ ತಮ್ಮನ್ನ ಉಳಿಸೋದು ನಾನಲ್ಲ, ಈ ಮೀನು. ಪ್ರಾಣಕ್ಕಿಂತ ಹೆಚ್ಚಾಗಿ ಸಾಕಿದ ಮೀನಿಗೇ ಅದೇ ನೀರು ಹಾಕ್ತಿದ್ದ ಅಂದ್ರೆ ಅದು ವಿಷ ಅಂತ ಅವನಿಗೆ ಹೇಗೆ ಗೊತ್ತಿರುತ್ತೆ? ನೀವು ಕೋರ್ಟಲ್ಲಿ ಇಷ್ಟು ಹೇಳಿ ಸಾಕು."

ಹೇಳುತ್ತೇನೆ ಎಂದೆ. ಈ ಮನೆಯಲ್ಲಿ ತುಂಬಾ ದಿನಗಳ ಮೇಲೆ ನಾನು ಹೊಟ್ಟೆ ತುಂಬ ಉಂಡೆ. ಕೋರ್ಟಿಗೆ ತೋರಿಸಲು ಫೋಟೋ ತೆಗೆಯುವವನನ್ನು ಕಳಿಸುತ್ತಾರಂತೆ, ತೊಟ್ಟಿ ಚೊಕ್ಕಟವಾಗಿರಬೇಕಂತೆ.

ಒಂದು ಯೋಚನೆ ಬಂತು. ತಾರಸಿಯ ಡ್ರಮ್ಮಿನಲ್ಲಿ ನಿನ್ನ ಕೊನೆಯ ಲೋಡಿನ ನೀರು ಇನ್ನೂ ಅರ್ಧಕ್ಕಿದೆ. ಕನ್ನಡಿಯ ಹಾಗಿದೆ, ವಾಸನೆಯೇ ಇಲ್ಲ. ಮನುಷ್ಯರಿಗೆ ಆಗದಿದ್ದರೇನು, ಮೀನುಗಳು ಇಷ್ಟು ದಿನ ಲಾರಿ ನೀರಿನಲ್ಲೇ ಬದುಕಿದ್ದವಲ್ಲ, ಅದನ್ನೇ ಹಾಕಲೇ? ಬೇಗ ಬರೆ.

ನಿನ್ನ ಅಕ್ಕ


೧೧ ಫೆಬ್ರವರಿ

ಅಕ್ಕಾ,

ಡ್ರಮ್ಮಿನ ನೀರು ಬೇಡ. ಮುಟ್ಟಬೇಡ. ಅದರಲ್ಲಿ ಪಾಚಿ ಕಟ್ಟಿರುತ್ತದೆ, ಮೀನಿಗೆ ಆಗುವುದಿಲ್ಲ. ಡ್ರಮ್ಮನ್ನು ಮೋರಿಗೆ ಬಗ್ಗಿಸಿ ಖಾಲಿಮಾಡಿಬಿಡು, ಇವತ್ತೇ.

ನಲ್ಲಿ ನೀರು ಸಿಗದಿದ್ದರೆ ಬದಲಿಸಲೇಬೇಡ. ಊಟ ಕಡಿಮೆ ಮಾಡು, ಎರಡು ದಿನಕ್ಕೊಮ್ಮೆ ಚಿಟಿಕೆ. ಹಸಿದ ಮೀನು ನೀರು ಕೆಡಿಸುವುದಿಲ್ಲ. ಹಳೇ ನೀರಿನಲ್ಲಿ ಬಹಳ ದಿನ ಬದುಕುತ್ತವೆ, ಗಲೀಜು ಒಗ್ಗಿಹೋಗಿರುತ್ತದೆ.

ವಕೀಲರು ಏನು ಹೇಳು ಅನ್ನುತ್ತಾರೋ ಅದನ್ನೇ ಹೇಳು. ತೊಟ್ಟಿಗೆ ಲಾರಿ ನೀರೇ ಹಾಕುತ್ತಿದ್ದೆ.

ಸೋಪು ತಲುಪಿತು.

ತಮ್ಮ


೧೩ ಫೆಬ್ರವರಿ

ಕಪ್ಪೇ,

ನಿನ್ನ ಉತ್ತರಕ್ಕೆ ಕಾದೆ. ಅಲ್ಲಿ ಓದಿ, ಮುದ್ರೆ ಹೊಡೆದು, ಟಪಾಲಿಗೆ ಹಾಕುವಷ್ಟರಲ್ಲಿ ಇಲ್ಲಿ ಫೋಟೋದವನು ನಾಳೆಯೇ ಬರುತ್ತೇನೆಂದ. ತೊಟ್ಟಿಯ ನೀರು ಕಾಫಿಯಂತಾಗಿತ್ತು. ಡ್ರಮ್ಮಿನಿಂದ ತಂದು ಹಾಕಿದೆ.

ಬರೆಯಲು ಕೈ ಬರುತ್ತಿಲ್ಲ.

ಮೊದಲು ಏನೂ ಆಗಲಿಲ್ಲ. ನೀರು ಎಷ್ಟು ಚೆಂದ ಕಂಡಿತೆಂದರೆ ನಾನು ಸ್ಟೂಲು ಎಳೆದುಕೊಂಡು ಮುಂದೆ ಕೂತೆ. ಆಮೇಲೆ ಮುದುಕ ನೆಟ್ಟಗೆ ಮೇಲೆ ಬಂದು ಬಾಯಿ ಹೊರಗಿಟ್ಟ. ಕರಿಯರಲ್ಲಿ ಒಬ್ಬ ಗಾಜಿಗೆ ಡಿಕ್ಕಿ ಹೊಡೆಯುತ್ತ ಸುತ್ತಿದ, ಇನ್ನೊಬ್ಬ ಪಕ್ಕಕ್ಕೆ ವಾಲಿದ. ಮೈಯಿಂದ ಬೂದುಬಣ್ಣದ ಲೋಳೆ ಎಳೆಎಳೆಯಾಗಿ ಬಿಟ್ಟುಕೊಂಡಿತು. ಬಕೆಟ್ಟಿನಲ್ಲಿ ನಲ್ಲಿಯ ಕೆಸರು ನೀರಿತ್ತು. ಅದಕ್ಕೆ ಹಾಕಲೋ ಬೇಡವೋ ಎಂದು ಮುದುಕನನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ನಿಂತೇ ಇದ್ದೆ. ಅವನು ಕೈಯಲ್ಲೇ ಹೋದ.

ಜವಾನ ಮಾತ್ರ ಗಾಜಿಗೆ ಕಚ್ಚಿಕೊಂಡೇ ಇದ್ದ. ಸದ್ಯ, ಒಬ್ಬನಾದರೂ ಉಳಿದನಲ್ಲ ಅಂದುಕೊಂಡೆ. ಬೆರಳು ತಾಕಿಸಿದಾಗ ಬಿದ್ದ.

ತಪ್ಪು ನನ್ನದು. ನೀನು ಕಾಲು ಭಾಗ ಎಂದಿದ್ದೆ, ನಾನು ಅರ್ಧಕ್ಕಿಂತ ಹೆಚ್ಚು ಹಾಕಿದೆ. ತಾರಸಿಯ ಬಿಸಿಲಿಗೆ ನೀರು ಬೆಚ್ಚಗಿತ್ತು, ಮೊಣಕೈ ಅದ್ದಿ ನೋಡಲಿಲ್ಲ. ನಿನ್ನನ್ನು ಉಳಿಸಬೇಕಾದ ಜೀವಗಳನ್ನು ನನ್ನ ಆತುರಕ್ಕೆ ಕೊಂದೆ. ಫೋಟೋದವನಿಗೆ ಸದ್ಯಕ್ಕೆ ಬೇಡ ಎಂದು ಹೇಳಿಕಳಿಸಿದೆ. ನೀನು ಬೈದು ಬರೆ. ಬೈಯದೆ ಮಾತ್ರ ಇರಬೇಡ.

ಅಕ್ಕ


೨೦ ಫೆಬ್ರವರಿ

ತಮ್ಮನಿಗೆ,

ನಿನ್ನ ಹನ್ನೊಂದನೆಯ ತಾರೀಖಿನ ಕಾಗದ ಬಂತು. ಒಂದು ಸಲ ಓದಿ ಮಡಿಸಿಟ್ಟೆ. ಕೆಲಸದ ನಡುವೆ ಮತ್ತೆ ತೆಗೆದೆ. ಒಂದು ಸಾಲಿನಲ್ಲಿ ಡ್ರಮ್ಮಿನ ನೀರು ಮೀನಿಗೆ ಬೇಡ ಎಂದಿದ್ದೀಯ. ಇನ್ನೊಂದು ಸಾಲಿನಲ್ಲಿ ಮೀನಿಗೆ ಅದೇ ನೀರು ಹಾಕುತ್ತಿದ್ದೆ ಎಂದು ಹೇಳು ಎಂದಿದ್ದೀಯ. ಮೆಷಿನ್ನು ತಿರುಗುತ್ತಲೇ ಇತ್ತು. ಯಾರದೋ ಕನ್ನಡಕದ ಗಾಜು ಪೂರ್ತಿ ಸವೆದುಹೋಯಿತು.

ಸಂಜೆ ತಾರಸಿಗೆ ಹೋಗಿ ಡ್ರಮ್ಮಿನೊಳಗೆ ಬಗ್ಗಿ ನೋಡಿದೆ. ಪಾಚಿ ಇಲ್ಲ. ಮುಚ್ಚಳ ಒಡೆದು ಎಷ್ಟು ಕಾಲವಾಯಿತು, ತಿಂಗಳುಗಟ್ಟಲೆ ನಿಂತ ನೀರು, ಒಂದು ಸೊಳ್ಳೆಮರಿಯೂ ಇಲ್ಲ. ನಮ್ಮ ಬೀದಿಯಲ್ಲಿ ಒಡೆದ ಲೋಟದಲ್ಲಿ ನೀರು ನಿಂತರೂ ಸೊಳ್ಳೆಮರಿ ಆಡುತ್ತದೆ. ಅದರಲ್ಲಿ ಏನೂ ಹುಟ್ಟಿಲ್ಲ.

ಮೂಲೆಯ ಕ್ಯಾನ್‌ಗಳನ್ನು ತಿರುಗಿಸಿ ನೋಡಿದೆ. ಒಂದರ ಬುಡದಲ್ಲಿ ಐಸ್ ಫ್ಯಾಕ್ಟರಿಯ ಚೀಟಿ ಅಂಟಿದೆ. ಅಲ್ಲಿಗೆ ಹೋದೆ. ಕಾವಲುಗಾರ ನಿನ್ನನ್ನು ಚೆನ್ನಾಗಿ ಬಲ್ಲ. ಒಳ್ಳೆಯ ಮನುಷ್ಯ, ಕೂರಲು ತನ್ನ ಕುರ್ಚಿ ಕೊಟ್ಟ.

"ಪಾಪ, ವಾರವಾರ ಬಂದು ನಮ್ಮ ಫಿಲ್ಟರ್ ನಲ್ಲೀಲಿ ಎರಡು ಕ್ಯಾನ್ ಹಿಡ್ಕೊಂಡು ಹೋಗ್ತಿದ್ರು ಕಣಮ್ಮ. ಗೇಟ್ ಹೊರಗೆ ಲಾರಿ ತುಂಬ ನೀರು ನಿಂತಿರೋದು! ನಾನು ಅಂತಿದ್ದೆ, ಏನಣ್ಣಾ, ಸಮುದ್ರ ಬೆನ್ನ ಮೇಲೆ ಹೊತ್ಕೊಂಡು ನಮ್ಮತ್ರ ಲೋಟ ಹಿಡೀತೀಯಲ್ಲ ಅಂತ. ನಗೋರು. ಅದು ಊರಿಗೆ, ಇದು ಮನೆಗೆ ಅನ್ನೋರು."

ನಾನೂ ಒಮ್ಮೆ ಕೇಳಿದ್ದೆ, ನೆನಪಿದೆಯೇ? ಬೀದಿಯವರೆಲ್ಲ ಲಾರಿ ನೀರು ಕುಡಿಯುವಾಗ ನಾವ್ಯಾಕೆ ಈ ತುಕ್ಕು ನೀರು ಕುದಿಸಿ ಕುಡಿಯಬೇಕು ಅಂತ. "ಮಿಠಾಯಿ ಮಾರೋನು ಮಿಠಾಯಿ ತಿಂತಾನೇನೇ ಅಕ್ಕಾ?" ಅಂದೆ ನೀನು. ನಾನು ನಕ್ಕಿದ್ದೆ. ಇಸ್ತ್ರಿಯವರ ಮಗಳೂ ಅಲ್ಲೇ ಇದ್ದಳು. ಅರ್ಥವಾಗದಿದ್ದರೂ ನಮ್ಮ ಜೊತೆ ನಕ್ಕಳು.

ಒಂದೇ ಪ್ರಶ್ನೆ. ನಿನಗೆ ಗೊತ್ತಿತ್ತೇ?


೩ ಮಾರ್ಚ್

ಅಕ್ಕಾ,

ನಿನ್ನ ಎರಡೂ ಕಾಗದ ಒಟ್ಟಿಗೆ ಕೊಟ್ಟರು.

ಮೀನು ಸತ್ತದ್ದಕ್ಕೆ ನೀನು ನೊಂದುಕೊಳ್ಳಬೇಡ. ಹದ ತಪ್ಪಿದ ನೀರಿಗೆ ಹಾಗಾಗುತ್ತದೆ. ಮುದುಕನಿಗೆ ವಯಸ್ಸೂ ಆಗಿತ್ತು. ತೊಟ್ಟಿಯನ್ನು ಪೂರ್ತಿ ಖಾಲಿಮಾಡು, ಕಲ್ಲುಗಳನ್ನು ಬಿಸಿಲಿಗೆ ಹಾಕು, ಸ್ಪಂಜು ಎಸೆ. ಹೊಸದಾಗಿ ನೀರು ತುಂಬಿ ಮೋಟಾರು ಓಡಿಸು. ಅಂಗಡಿಯಿಂದ ಒಂದು ಕೆಂಪು, ಎರಡು ಕಪ್ಪು ತಂದು ಬಿಡು. ಕಪ್ಪು ಸಿಗದಿದ್ದರೂ ನಡೆಯುತ್ತದೆ. ಫೋಟೋ ಆಗುವವರೆಗೆ ಇದ್ದರೆ ಸಾಕು.

ಆ ಇನ್ನೊಂದು ವಿಷಯವನ್ನು ಕಾಗದದಲ್ಲಿ ಕೇಳಬೇಡ. ಇಲ್ಲಿ ಓದುವವರಿದ್ದಾರೆ.

ಅಕ್ಕಾ, ಇಲ್ಲಿ ಮಲಗಿದರೆ ಕಾಲು ಚಾಚುವಷ್ಟು ಜಾಗವಿಲ್ಲ. ಕೊಳಾಯಿಯ ನೀರಿಗೆ ಕಬ್ಬಿಣದ ರುಚಿ. ಕುಡಿಯುವ ಮೊದಲು ಬೆಳಕಿಗೆ ಹಿಡಿದು ನೋಡುತ್ತೇನೆ, ಪಕ್ಕದವರು ನಗುತ್ತಾರೆ. ಪೂರ್ತಿ ಶಿಕ್ಷೆ ಮುಗಿಯುವ ಹೊತ್ತಿಗೆ ನಾನು ನಾನಾಗಿರುವುದಿಲ್ಲ. ಅರ್ಧವಾದರೆ ಹೇಗೋ ಉಳಿದೇನು. ಅಮ್ಮ ಹೋದ ಮೇಲೆ ನೀನೇ ಅಲ್ಲವೇ ನನ್ನನ್ನು ಎತ್ತಿ ಆಡಿಸಿದವಳು. ಒಂದು ಮಾತು. ಒಂದೇ ಒಂದು ಮಾತು ಹೇಳಿ ಬಂದುಬಿಡು.

ನಿನ್ನ ಕಪ್ಪೆ


೧೯ ಮಾರ್ಚ್

ತಮ್ಮನಿಗೆ,

ಓದುವವರಿದ್ದಾರೆ ಎಂದೆ ನೀನು. ನನಗೆ ಅಷ್ಟು ಉತ್ತರ ಸಾಕಾಯಿತು.

ನಾಳೆ ವಿಚಾರಣೆ. ಈ ಕಾಗದ ತಲುಪುವಷ್ಟರಲ್ಲಿ ಮುಗಿದಿರುತ್ತದೆ.

ಹೊಸ ಮೀನು ತರಲು ಅಂಗಡಿಗೆ ಹೋಗಿದ್ದು ನಿಜ. "ಬಣ್ಣ ಕೆಂಪಗಿದ್ರೆ ಸಾಕಮ್ಮ, ಫೋಟೋಲಿ ಮೀನಿನ ಗುರುತು ಯಾರು ಹಿಡೀತಾರೆ?" ಎಂದು ವಕೀಲರು ಹೇಳಿ ಕಳಿಸಿದ್ದರು. ಅಂಗಡಿಯವನು ಬಲೆ ಅದ್ದಿ ಒಂದನ್ನು ಎತ್ತಿದ. ಪ್ಲಾಸ್ಟಿಕ್ ಚೀಲದಲ್ಲಿ ಅದು ನನ್ನನ್ನೇ ನೋಡಿತು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದೆ: ನನ್ನ ತಮ್ಮ ಮೀನಿಗೂ ಲಾರಿ ನೀರನ್ನೇ ಹಾಕುತ್ತಿದ್ದ. ನಮ್ಮ ಬೀದಿ ತಿರುಗುವಷ್ಟರಲ್ಲಿ ಮಾತು ನಾಲಿಗೆಗೆ ಕೂತಿತ್ತು. ನಾನು ಹೇಳಿಯೇಬಿಡುತ್ತಿದ್ದೆ. ಇದು ನಿನಗೆ ಗೊತ್ತಿರಲಿ.

ಮೆಟ್ಟಿಲ ಮೇಲೆ ಇಸ್ತ್ರಿಯವರು ನಿಂತಿದ್ದರು, ಕೈಯಲ್ಲಿ ಖಾಲಿ ಬಕೆಟ್ಟು. ಲಾರಿ ನೀರು ಕುಡಿದು ಮಗು ಹೋದ ಮೇಲೆ ಅವರು ನಮ್ಮ ಬಾಗಿಲ ಕಡೆ ತಲೆಯೆತ್ತಿ ನೋಡಿರಲಿಲ್ಲ.

"ನಲ್ಲಿ ಬಂದಿಲ್ಲ ಇವತ್ತು. ಬಟ್ಟೆಗೆ ಚಿಮುಕಿಸೋಕೂ ಒಂದು ಹನಿ ಇಲ್ಲ. ನಿಮ್ಮ ಡ್ರಮ್ಮಲ್ಲಿ ಇದ್ರೆ ಒಂದು ಬಕೆಟ್ ಕೊಡಿ" ಎಂದರು ನೆಲ ನೋಡುತ್ತ.

"ಆ ನೀರು ಬೇಡ" ಎಂದೆ.

"ಕುಡಿಯೋಕಲ್ಲಮ್ಮ."

"ಮುಟ್ಟಲೂ ಬೇಡಿ. ಅದು ಒಳ್ಳೇದಲ್ಲ."

ಅವರು ಈಗ ನನ್ನ ಮುಖ ನೋಡಿದರು. "ಒಳ್ಳೇದಲ್ಲ ಅಂತ ಯಾವಾಗಿಂದ ಗೊತ್ತು?"

ಬೈಗುಳವಲ್ಲ, ವ್ಯಂಗ್ಯವಲ್ಲ. ಗಿರಾಕಿಗೆ ಬಟ್ಟೆ ಯಾವಾಗ ಬೇಕೆಂದು ಕೇಳುವ ಹಾಗೆ ಕೇಳಿದರು. ನಾನು ಹೇಳಿದೆ. ನನಗೆ ಯಾವಾಗಿಂದ, ನಿನಗೆ ಯಾವಾಗಿಂದ, ಕ್ಯಾನು, ಐಸ್ ಫ್ಯಾಕ್ಟರಿ, ಎಲ್ಲ. ಕೇಳಿ ಮುಗಿಸಿ, "ಮೀನಿಗೆ ಬೇರೆ ನೀರು" ಎಂದರು. ಅಷ್ಟೇ ಎಂದು ರಸ್ತೆ ದಾಟಿ ಹೋದರು. ಬಕೆಟ್ಟು ಮೆಟ್ಟಿಲ ಮೇಲೆಯೇ ಉಳಿಯಿತು.

ನಾಳೆ ಕೋರ್ಟಿನಲ್ಲಿ ಅವರೂ ಕೂತಿರುತ್ತಾರೆ. ಅವರಿಗೆ ಒಂದು ಹೇಳಿ ಜಡ್ಜಿಗೆ ಇನ್ನೊಂದು ಹೇಳುವ ಬಾಯಿ ನನಗಿಲ್ಲ. ಡ್ರಮ್ಮಿನಿಂದ ಒಂದು ಬಾಟಲಿ ತುಂಬಿಕೊಂಡಿದ್ದೇನೆ.

ನೀನು ನನ್ನನ್ನು ಅಕ್ಕ ಎನ್ನದಿದ್ದರೂ ಸರಿ. ಬನಿಯನ್ ಹರಿದಿದ್ದರೆ ಹೇಳು.

ಅಕ್ಕ


೭ ಜುಲೈ

ತಮ್ಮನಿಗೆ,

ಮೂರು ಕಾಗದ ಬರೆದೆ. ಉತ್ತರ ಬರಲಿಲ್ಲ. ಕಳೆದ ತಿಂಗಳು ಎರಡು ರೈಲು ಬದಲಿಸಿ ಬಂದೆ. ನೀನು ಭೇಟಿಯ ಕಿಟಕಿಗೆ ಬರಲು ಒಪ್ಪಲಿಲ್ಲವಂತೆ. "ಕಪ್ಪೆ ಬಾವಿ ಬಿಟ್ಟು ಬರಲ್ಲ ಅಂತಾನಮ್ಮ, ಏನ್ಮಾಡೋದು" ಎಂದರು ಸಾಹೇಬರು. ತಮಾಷೆ ಮಾಡಿದ್ದಕ್ಕೆ ಅವರೇ ನಾಚಿಕೊಂಡು ನನಗೆ ಕುಡಿಯಲು ನೀರು ಕೊಟ್ಟರು. ಬೆಳಕಿಗೆ ಹಿಡಿದು ನೋಡಿದೆ. ಕುಡಿದೆ. ಕಬ್ಬಿಣದ ರುಚಿ, ನೀನು ಬರೆದಂತೆಯೇ.

ನಾನು ನಿಜ ಹೇಳಿದ್ದರಿಂದ ನಿನ್ನ ಶಿಕ್ಷೆ ಒಂದು ದಿನವೂ ಇಳಿಯಲಿಲ್ಲ. ಅದರಿಂದ ಬೇರೆ ಯಾರಿಗೂ ಏನೂ ಆಗಲಿಲ್ಲ. ಬಾಟಲಿಯನ್ನು ಜಡ್ಜು ಎತ್ತಿ ನೋಡಿ ಪಕ್ಕಕ್ಕಿಟ್ಟರು. ಲಾರಿಯ ಮಾಲೀಕರು ಈ ಕೇಸಿನಲ್ಲಿ ಇಲ್ಲವಂತೆ. ಅವರ ಲಾರಿಗೆ ಹೊಸ ಬಣ್ಣ, ಹೊಸ ಡ್ರೈವರು. ನೀರು ಎಲ್ಲಿಯದೆಂದು ಕೇಳಿದರೆ "ಬೋರ್‌ವೆಲ್ದು ಅಕ್ಕಾ" ಎನ್ನುತ್ತಾನೆ, ನಿನ್ನ ಹಾಗೆಯೇ ನಗುತ್ತ. ನಲ್ಲಿಯಲ್ಲಿ ಇನ್ನೂ ಕೆಸರು. ಲಾರಿ ಬಂದರೆ ಬೀದಿಗೆ ಬೀದಿಯೇ ಕೊಡ ಹಿಡಿದು ನಿಲ್ಲುತ್ತದೆ. ಬೇಡ ಎಂದು ಹೇಳಲು ಹೋದರೆ, "ತಮ್ಮ ಮಾರಿದ, ಅಕ್ಕ ಬೇಡ ಅಂತಾಳೆ, ಇವರ ಮನೆ ವ್ಯಾಪಾರವೇ ಗೊತ್ತಾಗಲ್ಲ" ಎಂದರು.

ಆದ್ದರಿಂದ ಈಗ ಒಂದು ಕೆಲಸ ಮಾಡುತ್ತಿದ್ದೇನೆ. ಲಾರಿ ಬಂದ ಕೂಡಲೆ ಮೊದಲ ಚೊಂಬು ನಾನು ಹಿಡಿಯುತ್ತೇನೆ. ಗಾಜಿನ ಭರಣಿಗೆ ಹಾಕಿ, ಅಂಗಡಿಯಿಂದ ತಂದು ತೊಟ್ಟಿಯಲ್ಲಿ ಬಿಟ್ಟಿರುವ ಸಣ್ಣ ಮೀನುಗಳಲ್ಲಿ ಒಂದನ್ನು ಹಿಡಿದು ಅದರಲ್ಲಿ ಬಿಡುತ್ತೇನೆ. ಭರಣಿಯನ್ನು ನಮ್ಮ ಮೆಟ್ಟಿಲ ಮೇಲೆ, ಆ ಖಾಲಿ ಬಕೆಟ್ಟಿನ ಪಕ್ಕ ಇಡುತ್ತೇನೆ. ಮೊದಮೊದಲು ನಕ್ಕರು. ಈಗ "ಅಕ್ಕಾ, ಇವತ್ತು ಮೀನು ಹೇಗಿದೆ?" ಎಂದು ಕೇಳಿಯೇ ಕೊಡ ಇಡುತ್ತಾರೆ. ಕಳೆದ ವಾರ ಒಂದು ಸತ್ತಿತು. ಆ ದಿನ ಅರ್ಧ ಬೀದಿ ಖಾಲಿ ಕೊಡ ಹೊತ್ತು ವಾಪಸು ಹೋಯಿತು. ಉಳಿದರ್ಧ ತುಂಬ ಬಾಯಾರಿತ್ತು, ತುಂಬಿಸಿಕೊಂಡಿತು. ಇಸ್ತ್ರಿಯವರು ರಸ್ತೆ ದಾಟಿ ಬಂದು ಭರಣಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ.

ಮೀನು ಸಾಕುವುದು ನನಗೆ ಬರಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಒಂದೊಂದನ್ನೇ ಆ ನೀರಿಗೆ ಬಿಡುವುದನ್ನು ಕಲಿತಿದ್ದೇನೆ. ನಮ್ಮಿಬ್ಬರಲ್ಲಿ ಈಗ ಹೆಚ್ಚು ವ್ಯತ್ಯಾಸ ಉಳಿದಿಲ್ಲ.

ಬೇರೆ ಏನನ್ನೂ ನಿನ್ನಿಂದ ಕೇಳುವುದಿಲ್ಲ. ಇದು ಮೀನಿನ ವಿಷಯ ಮಾತ್ರ, ಸಾಹೇಬರೂ ಓದಲಿ. ವಿಷ ಕಡಿಮೆಯಿದ್ದರೆ ಮೀನು ಸಾಯಲು ಹೊತ್ತು ಹಿಡಿಯುತ್ತದೆ. ಮೆಟ್ಟಿಲ ಕೆಳಗೆ ಹೆಂಗಸರು ಕೊಡ ಸೊಂಟಕ್ಕಿಟ್ಟುಕೊಂಡು, ಮಕ್ಕಳ ಕೈ ಹಿಡಿದುಕೊಂಡು ನಿಂತಿರುತ್ತಾರೆ. ಎಷ್ಟು ಹೊತ್ತು ಕಾಯಬೇಕು ಎಂದು ನನ್ನನ್ನು ಕೇಳುತ್ತಾರೆ.

ಎಷ್ಟು ಹೊತ್ತು? ಇಷ್ಟನ್ನಾದರೂ ಬರೆ.

ಅಕ್ಕ